ಹಿಮಪಾತ, ಹಿಮಕುಸಿತ: ಯಾವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಬೆಟ್ಟಗಳ ಹವಾಮಾನ ಮತ್ತು ಹಿಮದ ಅಪಾಯದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 'ಹಿಮಪಾತ' ಎಂಬ ಪದ ತೊಡಕಾಗಿದೆ. ಮೇಲಿಂದ ಹಿಮ ಸುರಿಯುವುದಕ್ಕೂ ಅದೇ ಪದ, ಇಳಿಜಾರಿನಲ್ಲಿ ಕೂತ ಹಿಮ ಜಾರಿ ನುಗ್ಗುವ ಅವಲಾಂಚ್‌ಗೂ ಎಷ್ಟೋ ಸಲ ಅದೇ.

'ಭೂಮಿ ಬಿಸಿಯಾದಂತೆ ಹಿಮಪಾತ ಕಡಿಮೆಯಾಗುತ್ತದೆ' ಎಂದು ಬರೆದರೆ ಓದುವವರು ಏನೆಂದು ತಿಳಿಯಬೇಕು? ತಗ್ಗಿನ ಬೆಟ್ಟಗಳಲ್ಲಿ ಹಿಮದ ಬದಲು ಮಳೆ ಜಾಸ್ತಿಯಾಗುವುದು ನಿಜ. ತುಂಬಾ ಎತ್ತರದಲ್ಲಿ ಹಾಗಲ್ಲ. ಅಲ್ಲಿ ಚಳಿ ಇನ್ನೂ ಸಾಕಷ್ಟಿದೆ, ಬೆಚ್ಚಗಿನ ಗಾಳಿ ಹೆಚ್ಚು ತೇವ ಹೊತ್ತು ತರುತ್ತದೆ, ಹಾಗಾಗಿ ಒಂದೇ ಸಲ ಭಾರಿ ಹಿಮ ಬೀಳಬಹುದು. ಜಾರುವ ಅಪಾಯ ಹೆಚ್ಚುವುದು ಅಂಥ ಹೊತ್ತಿನಲ್ಲೇ. 1999ರ ಫೆಬ್ರುವರಿಯಲ್ಲಿ ಆಸ್ಟ್ರಿಯಾದ ಗಾಲ್ಟ್ಯೂರ್ ಹಳ್ಳಿಯ ಮೇಲೆ ಹಿಮ ನುಗ್ಗಿ 31 ಜನ ಸತ್ತರು. ಅದಕ್ಕೂ ಮೊದಲು ವಾರಗಟ್ಟಲೆ ಹಿಮ ಸುರಿದಿತ್ತು. ಇವೆರಡಕ್ಕೂ ಒಂದೇ ಪದ ಬಳಸಿದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದೇ ತಿಳಿಯುವುದಿಲ್ಲ ಅಲ್ವಾ?

ಸುರಿಯುವುದಕ್ಕೆ ಹಿಮಪಾತ, ಜಾರುವುದಕ್ಕೆ ಹಿಮಕುಸಿತ ಎಂದು ಖಚಿತ ಮಾಡಿಕೊಳ್ಳೋಣ ಎಂಬುದು ನನ್ನ ಅನಿಸಿಕೆ. ಭೂಕುಸಿತ ಎಲ್ಲರಿಗೂ ಗೊತ್ತಿರುವುದರಿಂದ ಇದೂ ಥಟ್ಟನೆ ಅರ್ಥವಾಗುತ್ತದೆ.

ಇನ್ನು ಬಗೆಗಳ ಹೆಸರು. ಗಟ್ಟಿಯಾದ ಹಿಮದ ಪದರ, ಅಡಿಯ ದುರ್ಬಲ ಪದರ ಮುರಿದಾಗ, ಇಡಿಯಾಗಿ ಜಾರುತ್ತದೆ. ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಇದಕ್ಕೆ 'ಚಪ್ಪಡಿ ಕುಸಿತ' ಎನ್ನಬಹುದೇ? ಮಳೆ ಅಥವಾ ಕರಗಿದ ನೀರು ಒಳಗಿಳಿದು ಹಿಡಿತ ತಪ್ಪಿದಾಗ ಆಗುವುದು ಇನ್ನೊಂದು. ಬಿಸಿ ಏರಿದಂತೆ ಇದು ವಸಂತಕ್ಕೆ ಕಾಯದೆ ನಡುಚಳಿಗಾಲದಲ್ಲೂ ಕಾಣಿಸಿಕೊಳ್ಳುತ್ತದೆ. 'ಆರ್ದ್ರ ಹಿಮಕುಸಿತ' ಬೇಡ, 'ಒದ್ದೆ ಹಿಮಕುಸಿತ' ಸಾಕು. ಎಚ್ಚರಿಕೆಯಲ್ಲಿ ಬರುವ ಪದ ಓದಿದ ತಕ್ಷಣ ತಿಳಿಯಬೇಕು. 2022ರ ಜುಲೈನಲ್ಲಿ ಇಟಲಿಯ ಮಾರ್ಮೊಲಾಡಾದಲ್ಲಿ ಹಿಮನದಿಯ ತುಂಡು ಕಳಚಿ 11 ಜನ ಸತ್ತದ್ದನ್ನು 'ಮಂಜುಗಡ್ಡೆ ಕುಸಿತ' ಎಂದು ಬೇರೆ ಇಡುವುದು ಒಳ್ಳೆಯದು.

ನನಗೆ ಪದವೇ ಸಿಗದಿರುವುದು ಆ ದುರ್ಬಲ ಪದರಕ್ಕೆ. ಕಡು ಚಳಿ, ತೆಳು ಹಿಮ ಇರುವ ಕಡೆ ನೆಲದ ಬಳಿ ಬೆಚ್ಚಗೆ, ಮೇಲೆ ಕೊರೆಯುವ ಚಳಿ. ಈ ವ್ಯತ್ಯಾಸದಿಂದ ಒಳಗಿನ ಹಿಮ ಸಕ್ಕರೆಯಂತೆ ಬಿಡಿಬಿಡಿ ಹರಳಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. 'ಹರಳುಹಿಮ' ಎಂದರೆ ಸರಿಯೇ? ಹಿಮದ ಬೆಟ್ಟಗಳಲ್ಲಿ ಕೆಲಸ ಮಾಡಿದ ಕನ್ನಡಿಗರು ಯಾರಾದರೂ ಇಲ್ಲಿದ್ದರೆ, ನಿಮ್ಮ ನಡುವೆ ಇದಕ್ಕೆ ಏನೆನ್ನುತ್ತಿದ್ದಿರಿ ಎಂದು ದಯವಿಟ್ಟು ತಿಳಿಸಿ.