ಓತಿಯ ಹಳದಿ, ಪಂಚೆಯ ನೀಲಿ

ನಮ್ಮ ‘ಅಜ್ಜನ ಮನೆ’ ವಾಟ್ಸಾಪ್ ಗುಂಪಿನಲ್ಲಿ ಆದಿತ್ಯವಾರ ನಡೆದ ಜಗಳ ಇದು. ಫೋಟೋ ಹಾಕಿದವಳು ನಾನೇ. ಗುಡ್ ಮಾರ್ನಿಂಗ್ ಹೂವುಗಳನ್ನೂ ಚಪ್ಪಾಳೆಗಳನ್ನೂ ತೆಗೆದು ಉಳಿದದ್ದನ್ನು ಇಲ್ಲಿ ಇಟ್ಟಿದ್ದೇನೆ. (ಹಾಗೆ ತೆಗೆದದ್ದೂ ಎಡಿಟ್ಟೇ ಅಂತ ಮಾವ ಹೇಳಿಯಾರು.)

ನಾನು: [ಫೋಟೋ] ಕಾರ್ಕಳದ ತೋಟದಲ್ಲಿ ನಿನ್ನೆ ಸಿಕ್ಕಿದ ಹಾರುವ ಓತಿ. ಗಂಡು. ಗಂಟಲಿನ ಹಳದಿ ಚೀಲ ಬಿಚ್ಚಿದ್ದು ನೋಡಿ!

ಸುರತ್ಕಲ್ ಅತ್ತೆ: ಅಬ್ಬಾ, ಎಂತ ಚಂದ ಉಂಟು. ಇದು ನಮ್ಮ ತೋಟದ್ದಾ?

ಬೆಂಗಳೂರು ಅಣ್ಣ: ಹಳದಿ ಸ್ವಲ್ಪ ಜಾಸ್ತಿ ಆಯ್ತು ಅಲ್ವಾ? ಬಣ್ಣ ಹಚ್ಚಿ ಯಕ್ಷಗಾನದ ಚೌಕಿಯಿಂದ ಎದ್ದು ಬಂದ ಹಾಗೆ ಉಂಟು. ಎಡಿಟ್ ಮಾಡಿದ್ಯಾ?

ನಾನು: ಮಾಡಿದೆ. ಆದ್ರೆ ಬಣ್ಣ ಬಳಿದದ್ದಲ್ಲ. ಕಣ್ಣಲ್ಲಿ ನೋಡಿದ ಹಾಗೆ ತಂದದ್ದು ಅಷ್ಟೇ. ಕ್ಯಾಮೆರಾದಿಂದ ಬಂದದ್ದು ಹೀಗಿತ್ತು. [ಫೋಟೋ]

ಸುರತ್ಕಲ್ ಅತ್ತೆ: ಅಯ್ಯೋ, ಪಾಚಿ ಹಿಡಿದ ಹಾಗೆ ಉಂಟಲ್ಲ.

ನಾನು: ಅದೇ ಅತ್ತೆ. ಅಡಿಕೆ ಸೋಗೆಯ ಎಡೆಯಿಂದ ಸೋಸಿ ಬರುವ ಬೆಳಕೇ ಹಸಿರು. ತೋಟದೊಳಗೆ ಸ್ವಲ್ಪ ಹೊತ್ತು ನಿಂತರೆ ನಮ್ಮ ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಬಿಳಿ ಬಿಳಿಯಾಗಿಯೇ ಕಾಣುತ್ತದೆ. ಕ್ಯಾಮೆರಾ ಒಂದು ಅಂದಾಜು ಹಾಕುತ್ತದೆ, ಅದು ಎಷ್ಟೋ ಸಲ ತಪ್ಪುತ್ತದೆ.

ಬೆಂಗಳೂರು ಅಣ್ಣ: ಆದ್ರೂ ಬಂದ ಹಾಗೇ ಹಾಕಬೇಕಿತ್ತು. ಕ್ಯಾಮೆರಾ ಸುಳ್ಳು ಹೇಳಲ್ಲ.

ಉಡುಪಿ ಮಾವ: ಯಾರು ಹೇಳಿದ್ದು ಮಾರಾಯ? ಸ್ಟುಡಿಯೋ ನಡೆಸಿ ತಲೆಕೂದಲು ಹಣ್ಣಾದವ ನಾನು. ಡಾರ್ಕ್‌ರೂಮಿನಲ್ಲಿ ಪೇಪರಿಗೆ ಬೆಳಕು ಬೀಳುವಾಗ ಮದುಮಗಳ ಮುಖದ ಜಾಗಕ್ಕೆ ಎರಡು ಸೆಕೆಂಡ್ ಕೈ ಅಡ್ಡ ಹಿಡಿದರೆ ಮುಖ ಬೆಳ್ಳಗೆ ಬರುತ್ತಿತ್ತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ಮೊಡವೆ ಮುಚ್ಚುತ್ತಿದ್ದೆವು. ನಿನ್ನ ಉಪನಯನದ ಫೋಟೋ ತೆಗೆದು ನೋಡು. ಹಣೆಯ ಗಾಯ ಕಾಣುತ್ತದಾ?

ಬೆಂಗಳೂರು ಅಣ್ಣ: 🙄

ಉಡುಪಿ ಮಾವ: ಈಗಲೂ ಅಷ್ಟೇ. ನಿನ್ನ ಮೊಬೈಲಿನ ಜೆಪೆಗ್ ಕೂಡ ಎಡಿಟ್ ಆಗಿಯೇ ಬರುವುದು. ಬಣ್ಣ ಎಷ್ಟು, ಕಪ್ಪು ಎಷ್ಟು ಅಂತ ಕಂಪನಿಯವರು ಮೊದಲೇ ಬರೆದಿಟ್ಟಿರುತ್ತಾರೆ. ಇವಳು ರಾ ಫೈಲ್, ಅಂದ್ರೆ ಹಾಗೆ ತಿದ್ದುವ ಮೊದಲಿನದ್ದು, ತೆಗೆದು ತಾನೇ ಕೂತು ಮಾಡಿದ್ದಾಳೆ.

ಬೆಂಗಳೂರು ಅಣ್ಣ: ಮದುವೆ ಆಲ್ಬಂ ಬೇರೆ ಮಾವ, ಕಾಡುಪ್ರಾಣಿ ಬೇರೆ.

ಉಡುಪಿ ಮಾವ: ಅದನ್ನು ಒಪ್ಪಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸ್ಪರ್ಧೆಯಲ್ಲಿ 2009ರಲ್ಲಿ ಗೇಟ್ ಹಾರುವ ತೋಳಕ್ಕೆ ದೊಡ್ಡ ಬಹುಮಾನ ಬಂತು. 2010ರ ಜನವರಿಯಲ್ಲಿ ವಾಪಸ್ ತೆಗೆದುಕೊಂಡರು. ತಕರಾರು ಎಡಿಟಿಂಗಿನದ್ದಲ್ಲ. ಅದು ಪಳಗಿಸಿದ ತೋಳ ಇರಬೇಕು ಅಂತ ತೀರ್ಪುಗಾರರು ಹೇಳಿದರು. ತೆಗೆದವ ಒಪ್ಪಲಿಲ್ಲ, ಅದು ಬೇರೆ. ಮೋಸ ಮಾಡಲು ಎಡಿಟಿಂಗಿನ ಸ್ಲೈಡರೇ ಬೇಕು ಅಂತ ಇಲ್ಲ.

ದೊಡ್ಡಪ್ಪ: ಬಣ್ಣದ ವಿಷಯ ನೀವು ನೋಡಿಕೊಳ್ಳಿ. ನನಗೊಂದು ಪ್ರಶ್ನೆ. ಎರಡನೇ ಫೋಟೋದಲ್ಲಿ ಮರದ ಮೇಲೆ ಮದ್ದಿನ ಕಲೆ ಉಂಟು. ಮೊದಲನೆಯದರಲ್ಲಿ ಎಲ್ಲಿ ಹೋಯಿತು?

ದೊಡ್ಡಪ್ಪ ಕನ್ನಡಕ ಇಲ್ಲದೆ ಪೇಪರ್ ಓದುವುದಿಲ್ಲ. ಇದು ಹೇಗೆ ಕಂಡಿತೋ.

ನಾನು: ಆ ನೀಲಿ ಗೆರೆ ಕಣ್ಣಿಗೆ ಹೊಡೆಯುತ್ತಿತ್ತು ದೊಡ್ಡಪ್ಪ. ಒರೆಸಿದೆ.

ದೊಡ್ಡಪ್ಪ: ಅದು ಮೈಲುತುತ್ತು, ಸುಣ್ಣ. ಒಂದು ಪರ್ಸೆಂಟಿನ ಬೋರ್ಡೋ ಮದ್ದು. ಕೊಳೆರೋಗಕ್ಕೆ ಈ ವರ್ಷ ಎರಡು ಸಲ ಬಿಟ್ಟದ್ದು. ಮದ್ದು ಬಿಡುವವರನ್ನು ಹುಡುಕಿ ತರುವಾಗ ನನ್ನ ಜೀವ ಹೋಗಿತ್ತು. ಓತಿ ಇರುವುದು ಆ ಮರದಲ್ಲೇ, ಅಲ್ಲಿಯ ಇರುವೆ ತಿಂದುಕೊಂಡು. ನೀನು ಒರೆಸಿದ ಮೇಲೆ ನೋಡಿದವರು ಆಗುಂಬೆ ಕಾಡು ಅಂತ ತಿಳಿದಾರು.

ಬೆಂಗಳೂರು ಅಣ್ಣ: 1982ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್‌ನವರು ಮುಖಪುಟದ ಅಳತೆಗೆ ಕೂರಲಿ ಅಂತ ಎರಡು ಪಿರಮಿಡ್‌ಗಳನ್ನೇ ಹತ್ತಿರ ತಂದಿದ್ದರು. ನಮ್ಮವಳು ಕಲೆ ಒರೆಸಿದ್ದು ಅಷ್ಟೇ, ಬಿಡಿ.

ಉಡುಪಿ ಮಾವ: ಕಲೆಯ ವಿಷಯದಲ್ಲಿ ಭಾವ ಹೇಳಿದ್ದು ಸರಿ. ಬೆಳಕು, ಬಣ್ಣ ಮಿತದಲ್ಲಿ ತಿದ್ದಲು ಲಂಡನ್ನಿನವರೂ ಬಿಡುತ್ತಾರೆ. ಇದ್ದದ್ದನ್ನು ಅಳಿಸಲು ಬಿಡುವುದಿಲ್ಲ.

ನಾನು: ತಪ್ಪಾಯಿತು. ಕಲೆ ವಾಪಸ್ ಹಾಕುತ್ತೇನೆ. ಹಳದಿ ಮಾತ್ರ ಮುಟ್ಟುವುದಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಉಡುಪಿ ಮಾವ: ಯಾವಾಗ ನೋಡಿದ್ದು?

ನಾನು: ಅಂದ್ರೆ? ಚೀಲ ಬಿಚ್ಚಿದಾಗ.

ಉಡುಪಿ ಮಾವ: ಎಷ್ಟು ಸಲ ಬಿಚ್ಚಿತು?

ನಾನು: ಐದಾರು ಸಲ. ಬಿಚ್ಚಿ, ಮಡಚಿ, ಬಿಚ್ಚಿ. ಕಣ್ಣು ಮಿಟುಕಿಸುವಷ್ಟೇ ಹೊತ್ತು. ಮೊದಲ ಸಲ ಹಿಂದಿನಿಂದ ಒಂದು ಬಿಸಿಲುಕೋಲು ಬಿದ್ದಿತ್ತು. ತೆಳು ಚರ್ಮ ಅಲ್ವಾ, ಒಳಗೆ ದೀಪ ಹಚ್ಚಿದ ಹಾಗೆ ಕಂಡಿತು.

ಉಡುಪಿ ಮಾವ: ಫೋಟೋ ಆ ಸಲದ್ದಾ?

ಮೂರು ಸಲ ಟೈಪ್ ಮಾಡಿ ಅಳಿಸಿದೆ.

ನಾನು: ಅಲ್ಲ. ಆಗ ಕ್ಯಾಮೆರಾ ಇನ್ನೂ ಬ್ಯಾಗಿನಲ್ಲಿತ್ತು. ಇದು ನಾಲ್ಕನೆಯದ್ದೋ ಐದನೆಯದ್ದೋ. ಮೋಡ ಬಂದಿತ್ತು.

ಉಡುಪಿ ಮಾವ: ಹಾಗಾದ್ರೆ ಮೊದಲಿನ ಬಿಸಿಲನ್ನು ತಂದು ಈ ಫೋಟೋಕ್ಕೆ ಹಾಕಿದ್ದೀ.

ಬೆಂಗಳೂರು ಅಣ್ಣ: ನಾನು ಹೇಳಿದ್ದೂ ಅದೇ!

ಉಡುಪಿ ಮಾವ: ನೀನು ಹೇಳಿದ್ದು ಅದಲ್ಲ.

ಮಧ್ಯಾಹ್ನ ಊಟ ಬಿಟ್ಟು ಲ್ಯಾಪ್‌ಟಾಪ್ ತೆಗೆದೆ. ನೆನಪನ್ನು ನಂಬುವ ಹಾಗಿಲ್ಲ ಅಂದ ಮೇಲೆ ಫೋಟೋದೊಳಗೇ ಒಂದು ಸಾಕ್ಷಿ ಬೇಕಿತ್ತು. ಹುಡುಕಿದರೆ ಒಂದು ಫ್ರೇಮಿನ ಮೂಲೆಯಲ್ಲಿ ಚಿಕ್ಕಪ್ಪನ ಪಂಚೆಯ ತುದಿ ಸಿಕ್ಕಿತು. ಅದೇ ಮರ, ಅದೇ ಮೋಡ.

ನಾನು: [ಫೋಟೋ] ಚಿಕ್ಕಪ್ಪನ ಪಂಚೆಯನ್ನು ಬಿಳಿ ಅಂತ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿದೆ, ಅಂದ್ರೆ ಉಳಿದ ಬಣ್ಣ ಅದಕ್ಕೆ ಸರಿಯಾಗಿ ತಿದ್ದಿದೆ. ನನ್ನ ಕಣ್ಣಂದಾಜು ಏನೂ ಇಲ್ಲ. ಮದ್ದಿನ ಕಲೆಯೂ ಉಂಟು. ಈಗ ಹೇಳಿ.

ಸುರತ್ಕಲ್ ಅತ್ತೆ: ಮೊದಲಿನದ್ದೇ ಚಂದ ಇತ್ತು.

ದೊಡ್ಡಪ್ಪ: ಇದು ನಮ್ಮ ತೋಟ.

ಚಿಕ್ಕಮ್ಮ: ಈಗ ನೋಡಿದೆ. ನಾನು ಅಲ್ಲೇ ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದೆ ಮಗಾ, ಇಷ್ಟು ಹಳದಿ ಇರಲಿಲ್ಲ. ಲಿಂಬೆ ಸಿಪ್ಪೆಯಷ್ಟೇ. ಮತ್ತೆ ಆ ಪಂಚೆ ಬಿಳಿ ಅಂತ ಯಾರು ಹೇಳಿದ್ದು? ಮೊನ್ನೆ ಒಗೆಯುವಾಗ ಬಕೆಟಿಗೆ ನೀಲಿ ಜಾಸ್ತಿ ಬಿದ್ದು ಇವರು ಬೈದಿದ್ದಾರೆ.

ಉಡುಪಿ ಮಾವ: ಸಿಕ್ಕಿತು ನೋಡು! ನೀಲಿ ಪಂಚೆಯನ್ನು ಬಿಳಿ ಮಾಡಬೇಕಾದ್ರೆ ಕಂಪ್ಯೂಟರ್ ಇಡೀ ಫೋಟೋಕ್ಕೆ ಹಳದಿ ಸುರಿಯುತ್ತದೆ. ಓತಿಯ ಮೇಲೂ ಬಿತ್ತು.

ಬೆಂಗಳೂರು ಅಣ್ಣ: 😂😂

ನಾನು: ಚಿಕ್ಕಮ್ಮಾ, ಬರುವ ಆದಿತ್ಯವಾರ ಬರುತ್ತೇನೆ. ಮನೆಯಲ್ಲಿ ನೀಲಿ ಹಾಕದ ಪಂಚೆ ಒಂದಾದರೂ ಉಂಟಾ?

ಚಿಕ್ಕಪ್ಪ: ಉಂಟು. ಮದುವೆಯದ್ದು. ತೋಟಕ್ಕೆ ಉಡುವುದಿಲ್ಲ.