ರಸ್ಟ್, ಜಿಗ್, ಮೋಜೋ: ಈಗ ಕಲಿತರೆ ಮುಂದೆ ಉಪಯೋಗ ಉಂಟಾ?

ಮಲ್ಪೆ ಹುಡುಗ:
ಉಡುಪಿ ಹತ್ತಿರ ಇಂಜಿನಿಯರಿಂಗ್ ಮೂರನೇ ವರ್ಷ. ಜಾವಾ, ಪೈಥಾನ್ ತಕ್ಕಮಟ್ಟಿಗೆ ಬರುತ್ತದೆ. ಈ ರಜೆಯಲ್ಲಿ ಹೊಸದೊಂದು ಲ್ಯಾಂಗ್ವೇಜ್ ಕಲಿಯೋಣ ಅಂತ. ಯೂಟ್ಯೂಬ್ ನೋಡಿದರೆ ಒಬ್ಬ ರಸ್ಟ್ ಅಂತಾನೆ, ಇನ್ನೊಬ್ಬ ಜಿಗ್ ಅಂತಾನೆ, ಮತ್ತೊಬ್ಬ ಮೋಜೋ ಬಂತು, ಪೈಥಾನ್ ಕಥೆ ಮುಗೀತು ಅಂತಾನೆ. ಕಷ್ಟಪಟ್ಟು ಕಲಿತ ಮೇಲೆ ಯಾರೂ ಕೇಳುವವರಿಲ್ಲದಿದ್ದರೆ ಎಂತ ಮಾಡುವುದು?

ಕೊಟ್ಟಾರ ಕೋಡರ್:
ಲ್ಯಾಂಗ್ವೇಜ್ ಚಂದ ಉಂಟಾ ಅಂತ ಮಾತ್ರ ನೋಡಬೇಡಿ ಮಾರಾಯ್ರೆ, ಅದರ ಬೆನ್ನಿಗೆ ಎಂತ ಉಂಟು ನೋಡಿ. ಡಾರ್ಟ್ 2011ರಲ್ಲೇ ಬಂತು, ಅದೂ ಗೂಗಲ್‌ನಿಂದ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಜಾಗ ಹಿಡಿಯಲು ಹೊರಟದ್ದು, ಆಗಲಿಲ್ಲ, ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ಮೊಬೈಲ್ ಆ್ಯಪ್ ಮಾಡುವ ಫ್ಲಟರ್ ಬಂದ ಮೇಲೆ ಮಂಗಳೂರಿನ ಸಣ್ಣ ಆಫೀಸಿನಲ್ಲೂ ಡಾರ್ಟ್ ಬರೆಯುವವರಿದ್ದಾರೆ. ಕೋಟ್ಲಿನ್‌ಗೂ ಹಾಗೆಯೇ, 2017ರಲ್ಲಿ ಆಂಡ್ರಾಯ್ಡ್ ಕೈಹಿಡಿಯಿತು. ಹಳೆಯ ಜಾವಾ ಕೋಡ್ ಬಿಸಾಡಬೇಕಾಗಿಲ್ಲ ಅನ್ನುವುದೂ ದೊಡ್ಡ ಅನುಕೂಲ, ಅಲ್ವಾ?

ಆ ಲೆಕ್ಕದಲ್ಲಿ ನನ್ನ ಓಟು ರಸ್ಟ್‌ಗೆ. 1.0, ಅಂದರೆ ಮೊದಲ ಸ್ಥಿರ ಆವೃತ್ತಿ, ಬಂದದ್ದು 2015ರಲ್ಲಿ, 2022ರ ಡಿಸೆಂಬರಿನಲ್ಲಿ ಲಿನಕ್ಸ್ 6.1 ಕರ್ನಲ್ ಒಳಗೇ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲೇ, ಜಾಗ ಸಿಕ್ಕಿತು. ಅಲ್ಲಿ ಹೊಕ್ಕದ್ದು ಅಷ್ಟು ಸುಲಭಕ್ಕೆ ಹೊರಗೆ ಬರುವುದಿಲ್ಲ.

ಸುರತ್ಕಲ್ ಸಿ++:
ಕರ್ನಲ್ ಎಲ್ಲ ಸರಿ, ಆದರೆ ಇಲ್ಲಿ ಫ್ರೆಶರ್‌ಗೆ ರಸ್ಟ್ ಕೆಲಸ ಎಲ್ಲುಂಟು? ಒಂದು ಸ್ಟ್ರಿಂಗನ್ನು ಫಂಕ್ಷನ್‌ಗೆ ಹಾಗೇ ದಾಟಿಸಿ, ಮುಂದಿನ ಸಾಲಿನಲ್ಲಿ ಅದನ್ನೇ ಪ್ರಿಂಟ್ ಮಾಡಲು ಹೋಗಿ ನೋಡಿ. ಅದರ ಮಾಲೀಕತ್ವ ಆಗಲೇ ಆಚೆ ಹೋಯಿತು ಅಂತ ಕಂಪೈಲರ್ ತಡೆಯುತ್ತದೆ. ಮೊದಲ ವಾರ ಬರೀ ಜಗಳ. ಮೆಮೊರಿ ತಪ್ಪುಗಳು ಕೋಡ್ ಓಡುವ ಮೊದಲೇ ಸಿಕ್ಕಿಬೀಳುವುದು ಅದರಿಂದಲೇ, ಅದನ್ನು ಒಪ್ಪುತ್ತೇನೆ. ಕ್ಯಾಂಪಸ್ ಇಂಟರ್‌ವ್ಯೂಗಾದರೆ ಸುಮ್ನೆ ಜಾವಾ ಗಟ್ಟಿ ಮಾಡಿಕೊಳ್ಳಿ.

ಮಣಿಪಾಲ ನೈಟ್‌ಶಿಫ್ಟ್:
ಜಿಗ್ ನನಗೆ ತುಂಬಾ ಇಷ್ಟ, ಆದರೂ ಈಗಲೇ ಬೇಡ. 2016ರಿಂದ ಉಂಟು, ಇನ್ನೂ 1.0 ಆಗಿಲ್ಲ. 0.15ರಲ್ಲಿ ಡೇಟಾ ಓದುವ, ಬರೆಯುವ ರೀಡರ್, ರೈಟರ್ ಎಲ್ಲ ಬದಲಾಯಿಸಿದರು, ಹಳೆಯ ಪಾಠದ ಹಲೋ ವರ್ಲ್ಡ್ ಕೂಡ ಕಂಪೈಲ್ ಆಗುವುದಿಲ್ಲ. ಎಐ ಹತ್ತಿರ ಕೇಳಿದರೆ ಅದೂ ಹಳೆಯ ಕೋಡನ್ನೇ ಕೊಡುತ್ತದೆ. ಹೊಸ ಲ್ಯಾಂಗ್ವೇಜ್‌ಗಳಿಗೆ ಇನ್ನು ಮುಂದೆ ಇದೇ ಜಾಸ್ತಿ ಪೆಟ್ಟು ಅಂತ ನನ್ನ ಅನಿಸಿಕೆ. ಮೋಜೋ ಹಿಂದೆ ಸ್ವಿಫ್ಟ್ ಮಾಡಿದ ಕ್ರಿಸ್ ಲ್ಯಾಟ್ನರ್ ಇದ್ದಾರೆ, ಸ್ಪೀಡೂ ಉಂಟು. ಆದರೆ ಜನ ಪೈಥಾನ್‌ಗೆ ಅಂಟಿಕೊಂಡದ್ದು ನಂಪೈ, ಪೈಟಾರ್ಚ್‌ನಂಥ ಲೆಕ್ಕಾಚಾರದ, ಎಐ ಲೈಬ್ರರಿಗಳಿಗಾಗಿ. ಅವುಗಳ ಭಾರದ ಕೆಲಸವೆಲ್ಲ ಒಳಗೆ ಸಿ, ಸಿ++ನಲ್ಲೇ ನಡೆಯುತ್ತದೆ, ಹಾಗಾಗಿ ಸ್ಪೀಡ್ ಒಂದಕ್ಕೇ ಪೈಥಾನ್ ಬಿಟ್ಟು ಬರುವುದು ಕಷ್ಟ.

ಮಲ್ಪೆ ಹುಡುಗ:
ಹಾಗಾದರೆ ಕ್ಯಾಂಪಸ್‌ಗೆ ಜಾವಾ, ರಜೆಗೆ ರಸ್ಟ್. ಲ್ಯಾಪ್‌ಟಾಪ್ 8 ಜಿಬಿ, ಸಾಕಾ?

ಕೊಟ್ಟಾರ ಕೋಡರ್:
ಧಾರಾಳ. ರಸ್ಟ್ ಕಂಪೈಲ್ ಮಾಡಿದ್ದನ್ನು ಇಡುವ ಟಾರ್ಗೆಟ್ ಫೋಲ್ಡರ್ ಮಾತ್ರ ಡಿಸ್ಕಿನಲ್ಲಿ ಜಿಬಿಗಟ್ಟಲೆ ಊದುತ್ತದೆ, ಆಗಾಗ ಅದನ್ನು ಖಾಲಿ ಮಾಡುವ ಕಾರ್ಗೋ ಕ್ಲೀನ್ ಕಮಾಂಡ್ ಹೊಡೆಯಿರಿ.