ಜಿತಿಯಾ ಉಪವಾಸ: ಎದೆಹಾಲು ಕುಡಿಯುವ ಮಗು ಇದ್ದರೆ ನೀರೂ ಬಿಡಬೇಕಾ?

ತಿಪಟೂರು ಹುಡುಗಿ:
ನಮ್ಮನೆಯವರು ಬಿಹಾರದ ದರ್ಭಂಗಾ ಕಡೆಯವರು. ನಾವಿರೋದು ಬೆಂಗಳೂರಲ್ಲಿ. ಮಗಳಿಗೆ ಎಂಟು ತಿಂಗಳು, ಇನ್ನೂ ನನ್ನ ಹಾಲೇ ಜಾಸ್ತಿ. ಜಿತಿಯಾಗೆ ಅತ್ತೆ ಬರುತ್ತಿದ್ದಾರೆ. ಮಕ್ಕಳ ಆಯಸ್ಸಿಗೆ ಹಿಡಿಯುವ ವ್ರತ, ನನಗೂ ಆಸೆಯಿದೆ. ಆದರೆ ಹಗಲೂ ರಾತ್ರಿ ನೀರು ಕೂಡ ಮುಟ್ಟಬಾರದಂತೆ. ನಮ್ಮಮ್ಮ ಬೇರೆ ಫೋನಲ್ಲೇ ರೇಗಿದರು, "ಪಿತೃಪಕ್ಷದಲ್ಲಿ ಎಂಥ ವ್ರತವೇ ಅದು!" ಅಂತ. ಗಂಡುಮಕ್ಕಳಿಗೆ ಮಾತ್ರ ಅಂತಲೂ ಯಾರೋ ಅಂದರು. ಗೊತ್ತಿದ್ದವರು ಹೇಳಿ.

ಪಟ್ನಾ ಸೊಸೆ:
ನಾನು ಹಾಸನದವಳು, ಮದುವೆಯಾಗಿ ಪಟ್ನಾ ಸೇರಿದವಳು. ಜಿತಿಯಾ ಬರೋದು ನಮ್ಮ ಭಾದ್ರಪದ ಬಹುಳ ಅಷ್ಟಮಿಗೆ, ಇಲ್ಲಿನವರಿಗೆ ಅದೇ ಆಶ್ವಿನ ಕೃಷ್ಣ ಅಷ್ಟಮಿ. ಇಲ್ಲೂ ಅದು ಪಿತೃಪಕ್ಷವೇ. ಹಿಂದಿನ ದಿನ ಮನೆತನದ ಹಿರಿಯ ಹೆಂಗಸರನ್ನು ನೆನೆದು ಸಾಸಿವೆ ಎಣ್ಣೆ, ಹಿಂಡಿ ಇಡುತ್ತಾರೆ. ಅಮ್ಮನಿಗೆ ಇದನ್ನು ಹೇಳಿ, ಸಮಾಧಾನ ಆಗಬಹುದು.

ಅವತ್ತಿನ ಊಟ ರಾಗಿ ರೊಟ್ಟಿ, ಗೋಣಿ ಸೊಪ್ಪು. ಮಿಥಿಲೆಯಲ್ಲಿ ಮೀನೂ ಉಂಟು! (ಇದನ್ನು ಅಮ್ಮನಿಗೆ ಹೇಳಬೇಡಿ.) ಅಷ್ಟಮಿ ಬೆಳಕು ಹರಿಯುವ ಮೊದಲೇ ಎದ್ದು ಅವಲಕ್ಕಿ ಮೊಸರು ತಿಂದರೆ ಆಮೇಲೆ ನಿರ್ಜಲ, ನವಮಿಗೆ ಪಾರಣೆ. ನಡುವೆ ಜೀಮೂತವಾಹನನ ಕಥೆ. ಗರುಡನಿಗೆ ಆಹಾರವಾಗಬೇಕಿದ್ದ ನಾಗನ ಬದಲು ತಾನೇ ಹೋಗಿ ಬಂಡೆಯ ಮೇಲೆ ಮಲಗಿದವನು. ಹದ್ದು, ನರಿಯ ಕಥೆಯೂ ಇದೆ. ಇಬ್ಬರೂ ವ್ರತ ಹಿಡಿಯುತ್ತಾರೆ, ನರಿ ಹಸಿವು ತಾಳದೆ ಕದ್ದು ತಿನ್ನುತ್ತದೆ. ನನಗೆ ಆ ನರಿಯ ಮೇಲೇ ಕನಿಕರ.

ಮಗು ಹಾಲು ಕುಡಿಯುತ್ತಿದ್ದ ವರ್ಷ ನನ್ನತ್ತೆಯೇ ನನಗೆ ಬೇಡ ಅಂದರು. ನನ್ನ ಪರವಾಗಿ ಅವರು ಉಪವಾಸ ಇದ್ದರು. ನಾನು ಹಣ್ಣು, ಹಾಲು, ನೀರು ತಗೊಂಡೇ ಕಥೆ ಕೇಳಿದೆ, ಕೊರಳಿಗೆ ಜಿತಿಯಾ ದಾರ ಕಟ್ಟಿಕೊಂಡೆ. ನೀರು ಬಿಟ್ಟು ಹಾಲೂಡಿಸೋದು ನನಗಂತೂ ಒಪ್ಪಿಗೆಯಿಲ್ಲ. ಗಂಡುಮಕ್ಕಳಿಗೆ ಅನ್ನೋದು ಹಳೇ ರೂಢಿ. ನಮ್ಮ ಬೀದಿಯಲ್ಲಿ ಬರೀ ಹೆಣ್ಣುಮಕ್ಕಳ ತಾಯಂದಿರೂ ಹಿಡಿಯುತ್ತಾರೆ.

ಅಡಿಕೆ ತೋಟ:
ಒಂದು ಸಲ ಶುರು ಮಾಡಿದರೆ ವರ್ಷವರ್ಷವೂ ಬಿಡಬಾರದು ಅಂತ ಎಷ್ಟೋ ಮನೆಗಳಲ್ಲಿ ಕಟ್ಟುನಿಟ್ಟು. ಮೊದಲ ಸಲವೇ ನಿರ್ಜಲ ಅಂತ ಒಪ್ಪಿಕೊಂಡು ಸಿಕ್ಕಿಹಾಕಿಕೊಳ್ಳಬೇಡಿ. ಅತ್ತೆ ರೈಲು ಹತ್ತುವ ಮೊದಲೇ ನಿಮ್ಮ ಯಜಮಾನರು ಮಾತಾಡಲಿ. ಮಗನ ಬಾಯಿಂದ ಬಂದರೆ ಬೇಗ ಒಪ್ಪುತ್ತಾರೆ, ಅಲ್ವಾ?

ತಿಪಟೂರು ಹುಡುಗಿ:
ಇವರು ಮಾತಾಡಿದರು. "ಹಾಲೂಡಿಸುವವಳಿಗೆ ನಿರ್ಜಲ ಅಂತ ಯಾರು ಹೇಳಿದ್ದು?" ಅಂತ ಅತ್ತೆಯೇ ಬೈದರಂತೆ. ರಾಗಿ ಹಿಟ್ಟು ಮನೆಯಲ್ಲಿದೆ. ಗೋಣಿ ಸೊಪ್ಪು ಬೆಂಗಳೂರಲ್ಲಿ ಸಿಗುತ್ತಾ?

ಅಡಿಕೆ ತೋಟ:
ಸೊಪ್ಪಿನವರಿಗೆ ಎರಡು ದಿನ ಮುಂಚೆ ಹೇಳಿಡಿ, ತಂದುಕೊಡುತ್ತಾರೆ.